ಗೋಡೆಯಾಚೆಯ ಡಬ್ಬಿ

ನಮ್ಮ ಅತ್ತೆಯ ಲೆಕ್ಕದಲ್ಲಿ ಜಗತ್ತಿನಲ್ಲಿ ಎರಡೇ ಬಗೆಯ ಜನ: ರೊಟ್ಟಿ ತಿನ್ನುವವರು, ಮತ್ತು ರೊಟ್ಟಿ ಸಿಗದೆ ಬೇರೇನೋ ತಿನ್ನುವವರು. ವಿಜಾಪುರದ ಕಡೆಯಿಂದ ಮದುವೆಯಾಗಿ ಪುಣೆಗೆ ಬಂದು ಒಂದು ಆಯುಷ್ಯವೇ ಕಳೆದರೂ ಈ ವಿಂಗಡಣೆ ಬದಲಾಗಿಲ್ಲ. ಹೀಗಾಗಿ ನಾವು ಕೋಥರೂಡದ ಹಳೆಯ ಮನೆ ಬಿಟ್ಟು, ಅಲ್ಲೇ ಗುಡ್ಡದ ಬುಡದಲ್ಲಿ ಎದ್ದ ಹೊಸ ಟವರಿನ ಹನ್ನೊಂದನೇ ಮಹಡಿಗೆ ಬಂದಾಗ ಅವರು ಬಾಲ್ಕನಿಯಿಂದ ಕಾಣುವ ಗುಡ್ಡ ನೋಡಲಿಲ್ಲ, ಕೆಳಗಿನ ಈಜುಕೊಳ ನೋಡಲಿಲ್ಲ. ಸಾಮಾನು ಇಳಿಸುವವರನ್ನೇ ನಿಲ್ಲಿಸಿ ಕೇಳಿದರು, “ಇಲ್ಲೆ ಜ್ವಾಳ ಬೀಸೂ ಗಿರಣಿ ಎಲ್ಲ್ಯದ?”

ಗಿರಣಿ ಇತ್ತು, ಗೋಡೆಯಾಚೆ.

ಆ ಗೋಡೆಯ ಕತೆ ಹೇಳಬೇಕು. ಈಗ ನಮ್ಮ ಟವರ್ ಇರುವ ಜಾಗದಲ್ಲಿ ಮೊದಲು ತಗಡಿನ ಮನೆಗಳ ಒಂದು ವಸ್ತಿ ಇತ್ತು. ಬಿಲ್ಡರ್ ವಸ್ತಿಯವರಿಗೆ ಒಂದು ಮೂಲೆಯಲ್ಲಿ ಕಟ್ಟಡ ಕಟ್ಟಿಕೊಡಬೇಕು, ಉಳಿದ ಜಾಗದಲ್ಲಿ ಟವರ್ ಕಟ್ಟಿ ಮಾರಿಕೊಳ್ಳಬೇಕು. ಇದು ಸರಕಾರದ ಯೋಜನೆ. ಕಾಗದದ ಮೇಲೆ ಇದಕ್ಕೆ ಬಡವ ಬಲ್ಲಿದರು ಕೂಡಿ ಬಾಳುವುದು ಎಂದು ಹೆಸರು. ಕಾಗದದಿಂದ ನೆಲಕ್ಕೆ ಇಳಿಯುವಷ್ಟರಲ್ಲಿ ನಡುವೆ ಆಳೆತ್ತರದ ಗೋಡೆ ಬಂದು ನಿಂತಿತ್ತು. ನಮ್ಮ ಗೇಟು ದೊಡ್ಡ ರಸ್ತೆಗೆ, ಅದರೆದುರು ಕಾರಂಜಿ. ಅವರ ಗೇಟು ಹಿಂದಿನ ಗಲ್ಲಿಗೆ, ಅದರೆದುರು ಕೊಳಚೆ ನೀರಿನ ನಾಲಾ. ಮಳೆಗಾಲದಲ್ಲಿ ಆ ನಾಲೆಯಲ್ಲೇ ನಮ್ಮ ಕಾರಂಜಿಗಿಂತ ಹೆಚ್ಚು ನೀರು ಹಾರುತ್ತದೆ.

ಆದರೆ ಗೋಡೆಯ ಮಧ್ಯದಲ್ಲಿ ಒಂದು ಕಬ್ಬಿಣದ ಚಿಕ್ಕ ಬಾಗಿಲು ಇತ್ತು. ಕಟ್ಟುವಾಗ ಕೆಲಸದವರು ಓಡಾಡಲು ಇಟ್ಟಿದ್ದು, ಆಮೇಲೆ ಮುಚ್ಚುವುದು ಮರೆತುಹೋಗಿತ್ತು. ಬಿಲ್ಡರ್ ಮರೆತು ಮಾಡಿದ ಒಳ್ಳೆಯ ಕೆಲಸ ಅದೊಂದೇ. ಬೆಳಿಗ್ಗೆ ಆ ಬಾಗಿಲಿನಿಂದ ಅಡುಗೆಯ ಹೆಂಗಸರು, ಡ್ರೈವರುಗಳು ಈಚೆ ಬರುವರು; ಈಚೆಯಿಂದ ಇಸ್ತ್ರಿ ಬಟ್ಟೆ, ಹೊಲಿಗೆ ಬಟ್ಟೆ, ಬೀಸುವ ಡಬ್ಬಿಗಳು ಆಚೆ ಹೋಗುವವು. ಡಬ್ಬಿಗಳು ಹೆಚ್ಚಾಗಿ ಕೆಲಸದವರ ಕೈಯಲ್ಲೇ ಹೋಗುತ್ತಿದ್ದವು. ತಾವೇ ಡಬ್ಬಿ ಹಿಡಿದು ಹೋಗುತ್ತಿದ್ದವರು ನಮ್ಮ ಅತ್ತೆ ಒಬ್ಬರೇ.

ಅವರ ಡಬ್ಬಿ ಹಿತ್ತಾಳೆಯದು. ತವರಿನಿಂದ ಮದುವೆಯಲ್ಲಿ ಬಂದದ್ದು, ಮುಚ್ಚಳದ ಮೇಲೆ ಚುಕ್ಕಿ ಚುಕ್ಕಿಯಾಗಿ ಹೆಸರು ಹೊಡೆಸಿದ್ದು. ಹುಣಸೆಹಣ್ಣು ಹಚ್ಚಿ ತಿಕ್ಕಿ ಅದನ್ನು ಕನ್ನಡಿಯಂತೆ ಇಟ್ಟಿದ್ದರು. ಅದರಲ್ಲಿ ಜೋಳ ತುಂಬಿ, ಸೊಂಟಕ್ಕೆ ಆನಿಸಿ, ಇನ್ನೊಂದು ಕೈಯಲ್ಲಿ ಗೋಡೆ ಹಿಡಿದು ನಡೆಯುವರು. ಮೊಣಕಾಲು ನೋವು ಇತ್ತು, ಆದರೆ ಗಿರಣಿಯ ದಿನ ಅದು ಮಾಯ. ನಾನು “ಅತ್ತೇರ, ನಾ ಒಯ್ಯತೀನಿ ಕೊಡ್ರಿ” ಅಂದರೆ, “ನಿನಗ ಸಾಲ ತಿಳಿಯಂಗಿಲ್ಲ, ಗೋಧಿ ಹಿಂದ ನಿಂತು ಬರ್ತಿ” ಅನ್ನುವರು.

ಸಾಲು ಎಂದರೆ ಮನುಷ್ಯರದಲ್ಲ, ಡಬ್ಬಿಗಳದು. ಗೋಧಿ ಬೀಸಿದ ಬೆನ್ನಿಗೆ ಜೋಳ ಹಾಕಿದರೆ ಕಲ್ಲಿನಲ್ಲಿ ಉಳಿದ ಗೋಧಿಹಿಟ್ಟು ಬೆರೆತು ರೊಟ್ಟಿ ಕೆಡುತ್ತದೆ. ಆದ್ದರಿಂದ ಗಿರಣಿಯ ಕಟ್ಟೆಯ ಮೇಲೆ ಜೋಳದ ಡಬ್ಬಿಗಳದು ಒಂದು ಸಾಲು, ಗೋಧಿಯದು ಇನ್ನೊಂದು. ಡಬ್ಬಿ ಯಾರದು, ಗೋಡೆಯ ಯಾವ ಕಡೆಯದು ಎಂದು ಕಲ್ಲು ಕೇಳುವುದಿಲ್ಲ.

ಗಿರಣಿ ನಡೆಸುವಾಕೆ ಸೋಲಾಪುರದ ಕಡೆಯವಳು, ಐವತ್ತರ ಆಸುಪಾಸು, ಹುಬ್ಬಿನ ತನಕ ಹಿಟ್ಟು. ವಸ್ತಿ ಇದ್ದಾಗಲೂ ಅವಳದೇ ಗಿರಣಿ. ಈಗ ಹೊಸ ಕಟ್ಟಡದ ನೆಲಮಹಡಿಯಲ್ಲಿ ಒಂದು ಅಂಗಡಿಯ ಕೋಣೆ ಸಿಕ್ಕಿದೆ. ಅವಳಿಗೆ ಕನ್ನಡ ಬರುತ್ತದೆ, ನಮ್ಮ ಅತ್ತೆಗೆ ಬೇಕಾದ ಕನ್ನಡವೇ ಬರುತ್ತದೆ. ಹಳೆಯ ಮನೆಯಲ್ಲಿ ಕಟ್ಟೆಯ ಮೇಲೆ ಕೂತರೆ ಹೋಗುವವರು ಬರುವವರು ಅತ್ತೆಯನ್ನು ಮಾತಾಡಿಸುತ್ತಿದ್ದರು. ಹನ್ನೊಂದನೇ ಮಹಡಿಯಲ್ಲಿ ಕಾಗೆ ಕೂಡ ಮಾತಾಡಿಸುವುದಿಲ್ಲ. ನನ್ನ ಗಂಡ ಬೆಳಿಗ್ಗೆ ದೂರದ ಹಡಪಸರಕ್ಕೆ ಕೆಲಸಕ್ಕೆ ಹೊರಟರೆ ಕತ್ತಲಾದ ಮೇಲೆ ಮನೆ, ನಾನು ಕಾಲೇಜಿನ ಕಚೇರಿಯಲ್ಲಿ. ಹೊಸ ಮನೆಗೆ ಬಂದ ಮೊದಲ ತಿಂಗಳುಗಳಲ್ಲಿ ಅತ್ತೆ ಸಂಜೆ ನಾನು ಬಾಗಿಲು ತೆಗೆದರೂ ಕತ್ತೆತ್ತಿ ನೋಡದಷ್ಟು ಮಂಕಾಗಿದ್ದರು. ನನಗೆ ಹೆದರಿಕೆಯಾಗಿತ್ತು. ಗಿರಣಿ ಸಿಕ್ಕ ಮೇಲೆ ಮತ್ತೆ ಮೊದಲಿನಂತಾದರು, ಅಂದರೆ ನನ್ನ ಅಡುಗೆಯಲ್ಲಿ ತಪ್ಪು ಹುಡುಕತೊಡಗಿದರು. ನನಗೆ ಎಷ್ಟು ಸಂತೋಷವಾಯಿತೆಂದರೆ ಒಂದು ವಾರ ಎದುರುತ್ತರ ಕೊಡಲಿಲ್ಲ.

ಹೀಗಿರುವಾಗ, ಸಂಕ್ರಾಂತಿ ಹತ್ತಿರ ಬಂದ ದಿನಗಳಲ್ಲಿ, ಲಿಫ್ಟಿನೊಳಗೆ ಒಂದು ನೋಟೀಸು ಅಂಟಿಸಿದರು. ಹಬ್ಬ ಕಳೆದ ಭಾನುವಾರ ಸೊಸೈಟಿಯ ಸಭೆ. ವಿಷಯ: ಗೋಡೆಯ ಚಿಕ್ಕ ಬಾಗಿಲನ್ನು ಇಟ್ಟಿಗೆ ಹಾಕಿ ಶಾಶ್ವತವಾಗಿ ಮುಚ್ಚುವುದು.

ನನ್ನ ಸಿಟ್ಟು ಮನೆಯಲ್ಲಿ ಎಲ್ಲರಿಗೂ ಗೊತ್ತು, ಲಿಫ್ಟಿಗೂ ಅಂದೇ ಗೊತ್ತಾಯಿತು. ಆಚೆ ಹೋಗಬೇಕಾದರೆ ಇನ್ನು ದೊಡ್ಡ ರಸ್ತೆಗೆ ಇಳಿದು, ವಾಹನಗಳ ನಡುವೆ ದಾಟಿ, ಸುತ್ತು ಹಾಕಿ ಹಿಂದಿನ ಗಲ್ಲಿಗೆ ಹೋಗಬೇಕು. ಅತ್ತೆಯ ಮೊಣಕಾಲಿಗೆ ಅದು ಆಗದ ಮಾತು. ಬಾಗಿಲು ಮುಚ್ಚಿದರೆ ಅವರ ಬಾಯಿಯೂ ಮುಚ್ಚುತ್ತದೆ. ಆ ಮಂಕು ಮುಖ ಮತ್ತೆ ನೋಡಲು ನಾನು ತಯಾರಿರಲಿಲ್ಲ.

ನಾನು ಹುಟ್ಟಿ ಬೆಳೆದದ್ದು ಪುಣೆಯ ಹಳೆಯ ಪೇಟೆಯ ಒಂದು ವಾಡೆಯಲ್ಲಿ. ನಡುವೆ ಅಂಗಳ, ಮೇಲೆ ಮಾಲೀಕರು, ಕೆಳಗೆ ಗುಮಾಸ್ತನಾದ ನನ್ನಪ್ಪ, ಒಬ್ಬ ದರ್ಜಿ, ತಳ್ಳುಗಾಡಿಯಲ್ಲಿ ಬಾಳೆಹಣ್ಣು ಮಾರುವ ಒಂದು ಕುಟುಂಬ. ಕೂಡಿ ಇರುವುದೆಂದರೆ ಪ್ರೀತಿ ಉಕ್ಕಿ ಹರಿಯುವುದಲ್ಲ ಎಂದು ನನಗೆ ಚೆನ್ನಾಗಿ ಗೊತ್ತು. ನಳಕ್ಕೆ ನೀರು ಬಂದರೆ ಮೊದಲ ಕೊಡ ಮಾಲೀಕರದೇ. ಅದೇ ನಳದ ಮುಂದೆ ಹೆಂಗಸರು ಕೈ ಕೈ ಮಿಲಾಯಿಸಿದ್ದನ್ನೂ ಕಂಡಿದ್ದೇನೆ. ಆದರೆ ಜಗಳವಾಡಲಿಕ್ಕಾದರೂ ಒಬ್ಬರ ಹೆಸರು ಇನ್ನೊಬ್ಬರಿಗೆ ಗೊತ್ತಿರಬೇಕಲ್ಲ. ನಮ್ಮ ಟವರಿನಲ್ಲಿ ಎದುರು ಮನೆಯವರ ನಾಯಿಯ ಹೆಸರಷ್ಟೇ ಗೊತ್ತು. ನಗರದಲ್ಲಿ ಉಳ್ಳವರನ್ನೂ ಇಲ್ಲದವರನ್ನೂ ಬೇರೆ ಇಡಬೇಕೋ ಕೂಡಿಸಿ ಇಡಬೇಕೋ ಎಂದು ದೊಡ್ಡವರು ಚರ್ಚೆ ಮಾಡುತ್ತಾರೆ. ನನಗೆ ಗೋಡೆಯ ಮೇಲೆ ಸಿಟ್ಟಿಲ್ಲ, ಮನೆಗೂ ಗೋಡೆ ಇರುತ್ತದೆ. ಬಾಗಿಲಿಲ್ಲದ ಗೋಡೆ ಕಂಡರೆ ಮೈ ಉರಿಯುತ್ತದೆ.

ನೋಟೀಸಿಗೆ ಸಹಿ ಹಾಕಿದ್ದವರು ಸೊಸೈಟಿಯ ಅಧ್ಯಕ್ಷರು, ನಮ್ಮ ಮೇಲಿನ ಮಹಡಿಯವರು. ಉಡುಪಿ ಕಡೆಯಿಂದ ಚಿಕ್ಕ ವಯಸ್ಸಿನಲ್ಲಿ ಬಂದು, ಹೋಟೆಲಿನಲ್ಲಿ ಟೇಬಲ್ ಒರೆಸಿ, ಈಗ ತಮ್ಮದೇ ಹೋಟೆಲು ನಡೆಸುವವರು. ಕೆಟ್ಟವರಲ್ಲ. ಕನ್ನಡದವರೆಂದು ಆಗೀಗ ನಮ್ಮ ಮನೆಗೆ ಬಂದು ಚಹಾ ಕುಡಿಯುವರು. ಆ ಸಂಜೆಯೂ ಬಂದರು. ಅತ್ತೆ ನೇರವಾಗಿ ಕೇಳಿಬಿಟ್ಟರು.

“ಏನ್ರಿ ಸಾವಕಾರ್ರ, ಬಾಗಲಾ ಮುಚ್ಚತೀರಂತ?”

“ಹಾಗಲ್ಲ ಅಮ್ಮ,” ಎಂದು ಅವರು ಲೋಟ ಕೆಳಗಿಟ್ಟರು. “ಎಂತ ಮಾಡುದು ಹೇಳಿ. ಯಾರು ಬಂದ್ರು ಯಾರು ಹೋದ್ರು ಅಂತ ವಾಚ್‌ಮನ್‌ಗೆ ಗೊತ್ತಾಗುದಿಲ್ಲ. ನಾಳೆ ಒಂದು ಕಳ್ಳತನ ಆದ್ರೆ ಬೈಗುಳ ನನಗೆ. ಮತ್ತೆ ಅವ್ರು ಅವ್ರಷ್ಟಕ್ಕೆ, ನಾವು ನಮ್ಮಷ್ಟಕ್ಕೆ. ಯಾರಿಗೂ ತೊಂದರೆ ಇಲ್ಲ.”

“ನಿಮ್ಮ ಹೋಟೇಲಿಗೆ ಎಷ್ಟ್ ಬಾಗಲಾ ಅದಾವ್ರಿ?”

“ಮುಂದೆ ಒಂದು, ಹಿಂದೆ ಒಂದು.”

“ಹಿಂದಿಂದ ಯಾಕ ಮುಚ್ಚಿಲ್ಲ ಮತ್ತ?”

“ಅಡುಗೆಯವರು ಹೇಗೆ ಬರುದು ಅಮ್ಮ?” ಎಂದವರು, ತಮ್ಮ ಮಾತು ತಮ್ಮ ಕಿವಿಗೇ ಬಿದ್ದಂತಾಗಿ, ನಕ್ಕು ಎದ್ದರು. “ನೋಡುವ, ಸಭೆಯಲ್ಲಿ ಮಾತಾಡುವ.”

ಮಾರನೇ ದಿನ ಅತ್ತೆ ಗಿರಣಿಯಾಕೆಗೂ ವಿಷಯ ಮುಟ್ಟಿಸಿದರು. ಅವಳು ಅಷ್ಟೇನೂ ಬೆಚ್ಚಿಬೀಳಲಿಲ್ಲ. “ನಮ್ಮ ಕಡೇನೂ ಮುಚ್ಚಿದ್ರ ಚಲೋ ಅನ್ನೋರು ಅದಾರ ಆಯಿ,” ಅಂದಳು. “ನಮ್ಮ ಹುಡುಗೂರು ಚೆಂಡ ತರಾಕ ಬಂದ್ರ ನಿಮ್ಮ ವಾಚ್‌ಮನ್ ಬೆನ್ನ ಹತ್ತತಾನ. ಅವರಿಗೂ ಮಾನ ಅದ ಅಲ್ಲೇನ್ರಿ?” ಇದನ್ನು ಅತ್ತೆ ಮನೆಗೆ ಬಂದು ಹೇಳಿದರು. ಎರಡೂ ಕಡೆ ಬೇಡವೆನ್ನುವ ಬಾಗಿಲು ಉಳಿಯುವುದುಂಟೆ? ಸಭೆಯಲ್ಲಿ ಹೇಳಲೆಂದು ನಾನೊಂದು ಭಾಷಣ ತಯಾರು ಮಾಡತೊಡಗಿದೆ. ಪಾತ್ರೆ ತೊಳೆಯುತ್ತ ಅದನ್ನು ಮರಾಠಿಯಲ್ಲಿ ಒಪ್ಪಿಸುತ್ತಿದ್ದೆ. ಗಂಡ ಕೇಳಿ, “ಇಷ್ಟ ಒದರಿದ್ರ ಗ್ವಾಡಿ ತಾನಾ ಬೀಳತದ ಬಿಡು” ಅಂದ.

ಅಷ್ಟರಲ್ಲಿ ಭೋಗಿ ಬಂತು. ಸಂಕ್ರಾಂತಿಯ ಹಿಂದಿನ ದಿನದ ಆ ಹಬ್ಬ ಮರಾಠಿಯವರಿಗೂ ಇದೆ, ನಮಗೂ ಇದೆ. ಎಳ್ಳು ಹಚ್ಚಿದ ಸಜ್ಜೆಯ ರೊಟ್ಟಿ, ಅವರೆ, ಕಡಲೆ, ಬದನೆ, ಗಜ್ಜರಿ ಎಲ್ಲ ಕೂಡಿಸಿದ ಪಲ್ಯ. ಹಿಂದಿನ ದಿನವಿಡೀ ಗಿರಣಿಯಲ್ಲಿ ಸಜ್ಜೆ ಬಿಟ್ಟು ಬೇರೆ ಕಾಳಿಗೆ ಪ್ರವೇಶವಿಲ್ಲ. ಅಂದು ಕಟ್ಟೆಯ ಮೇಲೆ ಎರಡು ಸಾಲಿಲ್ಲ, ಎಲ್ಲ ಡಬ್ಬಿಗಳದೂ ಒಂದೇ ಸಾಲು.

ನಮ್ಮ ಅತ್ತೆ ಭೋಗಿ ಮಾಡುವುದು ತಿನ್ನಲಿಕ್ಕಲ್ಲ, ಹಂಚಲಿಕ್ಕೆ. ಬೆಳಿಗ್ಗೆಯಿಂದ ರೊಟ್ಟಿ ಬಡಿಯುವ ಸಪ್ಪಳ. ಆಮೇಲೆ ಮನೆಯಲ್ಲಿದ್ದ ಡಬ್ಬಿಗಳೆಲ್ಲ ಹೊರಗೆ ಬಂದವು. ರೊಟ್ಟಿ, ಪಲ್ಯ, ಶೇಂಗಾ ಚಟ್ನಿ, ಒಂದು ಉಂಡೆ ಬೆಣ್ಣೆ, ಹೀಗೆ ತುಂಬಿ ತುಂಬಿ ಗಿರಣಿಯಾಕೆಗೆ, ಅವಳ ಮಹಡಿಯವರಿಗೆ, ನಮ್ಮ ಮಹಡಿಯವರಿಗೆ ಕಳಿಸಿದರು. ಹೊರುವ ಕೆಲಸ ನನ್ನದು. ಆ ದಿನ ನಾನು ಆ ಚಿಕ್ಕ ಬಾಗಿಲಿನಲ್ಲಿ ತಲೆ ತಗ್ಗಿಸಿ ತಗ್ಗಿಸಿ ದಾಟಿ, ಸಂಜೆಗೆ ಕುತ್ತಿಗೆಗೆ ಎಣ್ಣೆ ಹಚ್ಚಿಕೊಂಡೆ.

ಸಂಕ್ರಾಂತಿಯ ಬೆಳಿಗ್ಗೆ ಅಧ್ಯಕ್ಷರ ಹೆಂಡತಿ ನಮ್ಮ ಬಾಗಿಲು ತಟ್ಟಿದರು. ತೆಳ್ಳಗಿನ, ಮೆಲ್ಲಗೆ ಮಾತಾಡುವ ಹೆಂಗಸು. “ಒಂದು ಡಬ್ಬಿ ಕೇಳುವ ಅಂತ ಬಂದೆ,” ಎಂದು ಸಂಕೋಚದಿಂದ ಹೇಳಿದರು. “ಹಪ್ಪಳ ಹಾಕಿ ಕೊಟ್ಟದ್ದಲ್ವಾ, ಅದು. ನನ್ನ ಅಮ್ಮ ಕೊಟ್ಟದ್ದು, ಹಬ್ಬಕ್ಕೆ ಬೇಕಿತ್ತು.”

ಊರಿಗೆ ಹೋಗಿ ಬಂದಾಗ ಅವರು ಹಲಸಿನ ಹಪ್ಪಳ ತುಂಬಿ ಕಳಿಸಿದ್ದ ಉದ್ದನೆಯ ಸ್ಟೀಲಿನ ಡಬ್ಬಿ ಅದು. ಖಾಲಿ ಡಬ್ಬಿ ಹಿಂದೆ ಕೊಡಬಾರದೆಂದು, ಒಳ್ಳೆಯದೇನಾದರೂ ಮಾಡಿದಾಗ ತುಂಬಿ ಕೊಡೋಣವೆಂದು ಅತ್ತೆ ಅದನ್ನು ಕಪಾಟಿನಲ್ಲಿ ಇಟ್ಟಿದ್ದರು. ಅತ್ತೆ ನನ್ನ ಮುಖ ನೋಡಿದರು, ನಾನು ಅತ್ತೆಯ ಮುಖ ನೋಡಿದೆ. ಭೋಗಿಯ ಗಡಿಬಿಡಿಯಲ್ಲಿ ಅವರು ಅದಕ್ಕೂ ರೊಟ್ಟಿ ತುಂಬಿದ್ದರು, ನಾನು ಅದನ್ನೂ ಹೊತ್ತು ಗೋಡೆಯಾಚೆ ಮುಟ್ಟಿಸಿದ್ದೆ.

“ಎಲ್ಲೂ ಹೋಗಿಲ್ಲವ್ವಾ, ಗಿರಣ್ಯಾಗ ಅದ. ಬಾ, ಹೋಗಿ ತರೂಣು,” ಎಂದು ಅತ್ತೆ ಚಪ್ಪಲಿ ಮೆಟ್ಟಿದರು.

ಅಧ್ಯಕ್ಷರ ಹೆಂಡತಿ ಆ ಬಾಗಿಲನ್ನು ಹಿಂದೆಂದೂ ದಾಟಿರಲಿಲ್ಲ. ನಾನೂ ಹಿಂದೆ ಹೋದೆ. ಗಿರಣಿಗೆ ಅಂದು ರಜೆ; ಗಿರಣಿಯಾಕೆ ಮೇಲೆ, ಹನ್ನೆರಡನೇ ಮಹಡಿಯ ತನ್ನ ಮನೆಯಲ್ಲಿ ತವೆಯ ಮುಂದೆ ಇದ್ದಳು. ವಿಷಯ ಕೇಳಿ, ಸೌಟು ಎತ್ತಿ, “ಡಬ್ಬಿ ಅದರಿ, ಯಾಕಿಲ್ಲ? ಖಾಲಿ ಹೆಂಗ ಕೊಡ್ಲಿ? ಕೂಡ್ರಿ,” ಅಂದಳು.

“ಪರವಾಗಿಲ್ಲ, ಹಾಗೇ ಕೊಡಿ,” ಎಂದರು ಇವರು.

“ಹಬ್ಬದ ದಿನಾ? ನಿಮ್ಮ ಕಡೆ ಕೊಡ್ತಾರೇನ್ರಿ ಹಂಗ?”

ಅವರು ತಡೆದು, ಮೆಲ್ಲಗೆ, “ಇಲ್ಲ, ನಮ್ಮಲ್ಲಿಯೂ ಕೊಡುದಿಲ್ಲ,” ಎಂದು ಒಪ್ಪಿಕೊಂಡು ಕೂತರು.

ಕೂತದ್ದು ಕೂತದ್ದೇ. ಎಳ್ಳು ಬೆಲ್ಲದ ಹೋಳಿಗೆ ಒಂದೊಂದಾಗಿ ತವೆಯಿಂದ ಇಳಿಯಿತು. ಪಕ್ಕದ ಮನೆಯವರು ಬಂದರು, ಅವರ ಪಕ್ಕದವರು ಬಂದರು, ಎಳ್ಳು ಬೆಲ್ಲ ಕೈಗೆ ಹಾಕಿ ಸಿಹಿ ಮಾತಾಡಿರಿ ಎಂದರು. ನಮ್ಮ ಟವರಿನಲ್ಲಿ ಅಡುಗೆ ಮಾಡುವ ಹೆಂಗಸೊಬ್ಬಳು, “ನಿಮ್ಮ ಮನೆಯ ಮಿಕ್ಸರ್ ಸದ್ದು ನನ್ನ ಅಡುಗೆಮನೆಗೆ ಕೇಳುತ್ತದೆ” ಎಂದು ಮರಾಠಿಯಲ್ಲಿ ಹೇಳಿದಾಗ ಅಧ್ಯಕ್ಷರ ಹೆಂಡತಿ ಕಿಟಕಿಯಲ್ಲಿ ಇಣುಕಿದರು. ಗೋಡೆಯಾಚೆ, ಎದುರಿಗೇ, ಅವರದೇ ಬಾಲ್ಕನಿಯ ತುಳಸಿ ಕಾಣುತ್ತಿತ್ತು. ನಾವು ಹೊರಟಾಗ ಅವರ ಕೈಯಲ್ಲಿ ತಮ್ಮ ತುಂಬಿದ ಡಬ್ಬಿಯ ಜೊತೆಗೆ ಬೇರೆಯವರ ಇನ್ನೂ ಎರಡು ತುಂಬಿದ ಡಬ್ಬಿಗಳಿದ್ದವು. ಬಾಗಿಲಿನಲ್ಲಿ ತಲೆ ತಗ್ಗಿಸುತ್ತ, “ಈ ಎರಡನ್ನು ಇನ್ನು ಎಂತದ್ದು ಹಾಕಿ ಕೊಡುದು?” ಎಂದು ತಮ್ಮಷ್ಟಕ್ಕೆ ಚಿಂತೆ ಮಾಡುತ್ತಿದ್ದರು. ಆದರೆ ಮುಖ ಚಿಂತೆಯದಾಗಿರಲಿಲ್ಲ, ತವರಿಗೆ ಹೋಗಿ ಬಂದವರ ಮುಖ ಅದು.

ಆ ವಾರ ಬಾಗಿಲಿಗೆ ಬಿಡುವಿರಲಿಲ್ಲ. ಮೇಲಿನ ಮಹಡಿಯಿಂದ ಮಂಗಳೂರು ಬನ್ಸು ಕರಿಯುವ ವಾಸನೆ ಇಳಿದು ಬಂತು. ಎರಡು ಡಬ್ಬಿ ಬನ್ಸು ಆಚೆ ಹೋಯಿತು, ಹೋದದ್ದು ಸಾಲದೆಂದು ಅಧ್ಯಕ್ಷರ ಹೆಂಡತಿ ತಮ್ಮದೇ ಇನ್ನೊಂದು ಡಬ್ಬಿಯಲ್ಲೂ ತುಂಬಿ ಕಳಿಸಿದರು. ನಮ್ಮ ಮಹಡಿಯ ಮರಾಠಿ ಹೆಂಗಸಿಗೆ ಭೋಗಿಯ ದಿನ ಕೊಟ್ಟ ಡಬ್ಬಿ ನಮ್ಮದಲ್ಲ, ಗಿರಣಿಯಾಕೆಯದು ಎಂದು ಆಮೇಲೆ ತಿಳಿಯಿತು. ಅವರು ಅದಕ್ಕೆ ಚಿವಡಾ ತುಂಬಿ ತಾವೇ ಹೋಗಿ ಕೊಟ್ಟು, ಅಲ್ಲಿಯೇ ಬಟ್ಟೆ ಹೊಲಿಗೆಗೂ ಹಾಕಿ ಬಂದರು. ಯಾರ ಡಬ್ಬಿ ಯಾರಲ್ಲಿದೆ ಎಂದು ಕೇಳಿದರೆ ಎಲ್ಲರೂ ನಗುವರು. ವಾಚ್‌ಮನ್ ಕೂಡ ಚೆಂಡು ತರಲು ಬಂದ ಹುಡುಗರನ್ನು ಓಡಿಸುವುದು ಬಿಟ್ಟ, ಅವನ ಬಾಯಲ್ಲಿ ಬನ್ಸು ಇತ್ತು.

ಭಾನುವಾರ ಸಭೆ ಸೇರಿತು. ನಾನು ಭಾಷಣವನ್ನು ಬಾಯಿಪಾಠ ಮಾಡಿ ಮುಂದಿನ ಕುರ್ಚಿಯಲ್ಲಿ ಕೂತಿದ್ದೆ. ಪಕ್ಕದಲ್ಲಿ ಅತ್ತೆ, ಮಡಿಲಲ್ಲಿ ಕೈ ಗಟ್ಟಿಯಾಗಿ ಹಿಡಿದು ಕೂತಿದ್ದರು. ಅಧ್ಯಕ್ಷರು ಕನ್ನಡಕ ಹಾಕಿಕೊಂಡು ಮರಾಠಿಯಲ್ಲಿ ವಿಷಯ ಓದಿದರು, ಕಾರಣಗಳನ್ನು ಹೇಳಿದರು. ಹಿಂದಿನ ಸಾಲಿನ ಇಬ್ಬರು ಗಂಡಸರು ಹೌದು ಹೌದು ಎಂದು ತಲೆಯಾಡಿಸಿದರು.

“ಯಾರದಾದರೂ ತಕರಾರು ಇದೆಯೇ?” ಎಂದು ಅಧ್ಯಕ್ಷರು ಕೇಳಿದರು.

ನಾನು ಏಳುವ ಮೊದಲೇ ಅವರ ಹೆಂಡತಿ ಎದ್ದು ನಿಂತಿದ್ದರು. ಸಭೆಯಲ್ಲಿ ಅವರು ಮಾತಾಡಿದ್ದನ್ನು ಯಾರೂ ಕೇಳಿರಲಿಲ್ಲ. ಗಂಡನಿಗೆ ಹೇಳುವುದನ್ನು ಮರಾಠಿಯಲ್ಲಿ ಹೇಳಲು ಬಾರದೆ ಕನ್ನಡದಲ್ಲೇ ಹೇಳಿಬಿಟ್ಟರು. “ಈಗ ಮುಚ್ಚುದು ಹೇಗೆ ಮಾರಾಯ್ರೆ? ನನ್ನ ಡಬ್ಬಿ ಆಚೆ ಉಂಟು.”

ಅತ್ತೆ ಅದನ್ನು ಮರಾಠಿಗೆ ತಿರುಗಿಸಿ ಎಲ್ಲರಿಗೂ ಕೇಳುವಂತೆ ಹೇಳಿದರು. ನಮ್ಮ ಮಹಡಿಯ ಮರಾಠಿ ಹೆಂಗಸು, “ನನ್ನದೂ ಇದೆ,” ಎಂದರು. ಇನ್ನೊಬ್ಬರು, “ನನ್ನ ಮನೆಯಲ್ಲಿ ಅವರದೇ ಒಂದು ಉಳಿದಿದೆ, ಖಾಲಿ ಕಳಿಸಲಿಕ್ಕಾಗುತ್ತದೆಯೇ?” ಎಂದರು. ಸಭೆಯ ಹೆಂಗಸರ ಅರ್ಧದಷ್ಟು ಕೈಗಳು ಮೇಲೆದ್ದವು. ಗಂಡಸರಿಗೆ ಏನಾಗುತ್ತಿದೆ ಎಂದು ತಿಳಿಯಲಿಲ್ಲ, ಆದರೆ ಡಬ್ಬಿಯ ವಿಷಯದಲ್ಲಿ ಬಾಯಿ ಹಾಕುವಷ್ಟು ದಡ್ಡರು ಯಾರೂ ಅಲ್ಲಿರಲಿಲ್ಲ.

ಅಧ್ಯಕ್ಷರು ಕನ್ನಡಕ ತೆಗೆದು ಹೆಂಡತಿಯನ್ನು ನೋಡಿದರು. ಆಮೇಲೆ ಅತ್ತೆಯನ್ನು ನೋಡಿದರು. ಅವರ ಮೀಸೆಯಡಿ ನಗು ಹರಿಯಿತು. “ಹಾಗಾದ್ರೆ ಡಬ್ಬಿಗಳೆಲ್ಲ ಬಂದ ಮೇಲೆ ನೋಡುವ,” ಎಂದು ಕನ್ನಡದಲ್ಲಿ ಹೇಳಿ, ಮರಾಠಿಯಲ್ಲಿ ವಿಷಯ ಮುಂದೂಡಲಾಗಿದೆ ಎಂದು ಸಾರಿದರು. ನನ್ನ ಭಾಷಣ ನನ್ನಲ್ಲೇ ಉಳಿಯಿತು. ಇಷ್ಟು ಸಂತೋಷದಿಂದ ನಾನು ಯಾವತ್ತೂ ಬಾಯಿ ಮುಚ್ಚಿಕೊಂಡು ಕೂತಿರಲಿಲ್ಲ.

ಆಮೇಲೆ ಯುಗಾದಿ ಬಂತು, ಮಳೆಗಾಲ ಬಂತು, ಗಣಪತಿ ಬಂದು ಹೋದ. ಎಲ್ಲವೂ ಸರಿಹೋಯಿತೆಂದೇನಲ್ಲ. ಚೆಂಡಿನ ಜಗಳ ಮತ್ತೆ ಆಯಿತು, ಸ್ಕೂಟರ್ ನಿಲ್ಲಿಸಿದ್ದಕ್ಕೆ ಎರಡೂ ಕಡೆಯವರು ಕೂಗಾಡಿದರು. ಈಗ ಹೆಸರು ಹಿಡಿದು ಕೂಗಾಡುತ್ತಾರೆ ಎಂಬುದಷ್ಟೇ ಹೊಸದು. ಅಧ್ಯಕ್ಷರು ಎದುರಾದಾಗಲೆಲ್ಲ ಅತ್ತೆಯನ್ನು ಕೇಳುವರು, “ಏನಮ್ಮ, ಡಬ್ಬಿಗಳೆಲ್ಲ ಬಂದವಾ?” ಅತ್ತೆಯದು ಯಾವಾಗಲೂ ಒಂದೇ ಉತ್ತರ, “ಒಂದ್ ಉಳದದ ನೋಡ್ರಿ ಸಾವಕಾರ್ರ.” ಅವರು ತಲೆಯಾಡಿಸಿ ಲಿಫ್ಟು ಹತ್ತುವರು. ಬಾಗಿಲು ಕಿರುಗುಟ್ಟುತ್ತದೆಂದು ಎಣ್ಣೆ ಹಾಕಿಸಿದವರೂ ಅವರೇ.

ಆದರೆ ಮನೆಯಲ್ಲಿ ಒಂದು ಬದಲಾವಣೆಯನ್ನು ನಾನು ಗಮನಿಸಿದ್ದೆ. ಅತ್ತೆ ಈಗ ಜೋಳವನ್ನು ಪ್ಲಾಸ್ಟಿಕ್ ಡಬ್ಬಿಯಲ್ಲಿ ಒಯ್ಯುತ್ತಿದ್ದರು. ಹಿತ್ತಾಳೆ ಡಬ್ಬಿ ಎಲ್ಲಿ ಎಂದು ಕೇಳಿದರೆ, “ಎಲ್ಲೋ ಅದ, ಹುಡುಕು,” ಅನ್ನುವರು. ನಾನು ಅಟ್ಟದ ಕಪಾಟು, ಮಂಚದ ಕೆಳಗೆ, ಎಲ್ಲ ಹುಡುಕಿದೆ. ತವರಿನ ಡಬ್ಬಿ ಕಳೆದುಕೊಂಡು ಇವರು ಹೇಗೆ ಇಷ್ಟು ಸುಮ್ಮನಿದ್ದಾರೆ ಎಂದು ನನಗೇ ಚಿಂತೆ ಹತ್ತಿತು.

ಒಂದು ದಿನ ಅತ್ತೆಗೆ ನೆಗಡಿಯಾಗಿ, ಜೋಳದ ಸಾಲಿನಲ್ಲೇ ಇಡಬೇಕೆಂದು ನಾಲ್ಕು ಸಲ ಹೇಳಿ, ನನ್ನನ್ನೇ ಗಿರಣಿಗೆ ಕಳಿಸಿದರು. ಡಬ್ಬಿ ಸಾಲಿನಲ್ಲಿಟ್ಟು ತಲೆಯೆತ್ತಿದರೆ, ಗಿರಣಿಯ ಮೇಲಿನ ಹಲಗೆಯಲ್ಲಿ, ದೇವರ ಫೋಟೋದ ಪಕ್ಕ, ಹಿತ್ತಾಳೆ ಡಬ್ಬಿ ಹೊಳೆಯುತ್ತಿತ್ತು. ಅಲ್ಲಿಯೂ ಯಾರೋ ಹುಣಸೆಹಣ್ಣು ಹಚ್ಚಿ ತಿಕ್ಕಿದ್ದರು. ಮುಚ್ಚಳದ ಮೇಲೆ ಅತ್ತೆಯ ಹೆಸರಿನ ಚುಕ್ಕಿಗಳು.

“ಇದು ನಮ್ಮದಲ್ಲೇನ್ರಿ?” ಅಂದೆ.

“ಹೌದ್ರಿ, ನಿಮ್ಮದಾ,” ಅಂದಳು ಗಿರಣಿಯಾಕೆ. “ಆ ಮೀಟಿಂಗ್ ಆದ ಮರುದಿನಾ ತಂದು ಇಟ್ಟ ಹೋದ್ರು. ನಾ ಕೇಳಿದ್ರೂ ಕೊಡಬ್ಯಾಡ, ನನ್ನ ಸೊಸಿ ಕೇಳಿದ್ರೂ ಕೊಡಬ್ಯಾಡ, ನಾ ಸತ್ತ ಮ್ಯಾಲೂ ಇದು ಇಲ್ಲೇ ಇರಲಿ, ಒಂದ್ ಡಬ್ಬಿ ಈ ಕಡೆ ಉಳೀಬೇಕು ಅಂದ್ರು.” ಸ್ಟೂಲು ನನ್ನ ಕಡೆ ಸರಿಸಿ, “ಖಾಲಿ ಇಟ್ಟಿಲ್ಲರಿ,” ಎಂದು ಸೇರಿಸಿದಳು.

ನಾನು ಸ್ಟೂಲು ಹತ್ತಿ ಮುಚ್ಚಳ ತೆಗೆದೆ. ಡಬ್ಬಿಯ ಕಂಠದ ತನಕ ಬಿಳಿ ಜೋಳ. ಕಣ್ಣು ತುಂಬಿ ಬಂತು. ಹಿಟ್ಟು ಹಾರಿ ಬಿತ್ತು ಎಂದು ಗಿರಣಿಯಾಕೆಗೆ ಹೇಳಿದೆ, ಅವಳು ಗಿರಣಿ ಇನ್ನೂ ಚಾಲೂ ಆಗಿಲ್ಲ ಎಂದು ಹೇಳದೆ ಮುಖ ಆಚೆ ತಿರುಗಿಸಿದಳು. ಮುಚ್ಚಳವನ್ನು ಭದ್ರವಾಗಿ ಹಾಕಿ, ಡಬ್ಬಿಯನ್ನು ಇದ್ದಲ್ಲೇ ಇಟ್ಟು ಕೆಳಗಿಳಿದೆ.

ಬಿಸಿ ಹಿಟ್ಟಿನ ಡಬ್ಬಿ ಸೊಂಟಕ್ಕೆ ಆನಿಸಿಕೊಂಡು, ಚಿಕ್ಕ ಬಾಗಿಲು ದಾಟಿ ಮನೆಗೆ ಬಂದೆ. ಅತ್ತೆ ಶಾಲು ಹೊದ್ದು ಅಡುಗೆಮನೆಯ ಬಾಗಿಲಲ್ಲೇ ಕಾಯುತ್ತಿದ್ದರು. ಹಿಟ್ಟನ್ನು ಬೆರಳಲ್ಲಿ ತಿಕ್ಕಿ ನೋಡಿ, ಗೋಧಿ ಬೆರೆತಿಲ್ಲವೆಂದು ಖಾತ್ರಿ ಮಾಡಿಕೊಂಡು, ನನ್ನ ಮುಖವನ್ನೊಮ್ಮೆ ನೋಡಿದರು.

“ಹಿತ್ತಾಳಿ ಡಬ್ಬಿ ಎಲ್ಲೂ ಸಿಗವಲ್ಲದು ನೋಡ್ರಿ ಅತ್ತೇರ,” ಅಂದೆ.

“ಸಿಗೂದಿಲ್ಲ ಬಿಡು,” ಎಂದು ಅವರು ರೊಟ್ಟಿ ಬಡಿಯಲು ಕೂತರು.